ಗುಲ್ಜಾರ್ ಬಾನು ದಣಿದಿರಲಿಲ್ಲ

ಜ್ವರ ಅಳೆಯಲು ಥರ್ಮಾಮೀಟರ್ ಇದೆ. ರಕ್ತದೊತ್ತಡಕ್ಕೆ ತೋಳಿಗೆ ಸುತ್ತುವ ಪಟ್ಟಿ ಇದೆ, ಸಕ್ಕರೆಗೆ ಸೂಜಿ ಇದೆ. ದಣಿವಿಗೆ ಮಾತ್ರ ಯಾವ ಕಾಲಕ್ಕೂ ಅಳತೆ ಇರಲಿಲ್ಲ. ದಣಿದವರು ಬಾಯಿಬಿಟ್ಟು ಹೇಳಬೇಕು, ಕೇಳಿದವರು ನಂಬಬೇಕು. ಹೇಳುವವಳು ರೇಷ್ಮೆ ನೂಲು ಬಿಚ್ಚುವ ಕೂಲಿ ಹೆಂಗಸು, ಕೇಳುವವನು ಸೂಪರ್‌ವೈಸರ್ ಆಗಿದ್ದರೆ ಆ ನಂಬಿಕೆ ಎಷ್ಟು ಹುಟ್ಟೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿರುವಾಗ ದಣಿವನ್ನೇ ಅಳೆದು ತೋರಿಸುವ ಒಂದು ಬಳೆ ಬಂದುಬಿಟ್ಟರೆ?

ಬಂತು. ಕನಕಪುರದಾಚೆಯ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ, ಸುವರ್ಣರೇಖಾ ಫಿಲೇಚರ್‌ಗೆ ಅದು ಬಂದದ್ದು ಕಂಪನಿಯ ದೊಡ್ಡ ಮನಸ್ಸಿನಿಂದಲ್ಲ, ನಲವತ್ತೊಂದು ದಿನದ ಮುಷ್ಕರದಿಂದ. ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಕೂತು, ಹೊತ್ತಿಗೆ ಸರಿಯಾಗಿ ಪೊಲೀಸ್ ವ್ಯಾನ್ ಹತ್ತಿ, ಮಾರನೆಯ ದಿನ ಮತ್ತೆ ಬಂದು ಅಲ್ಲೇ ಕೂತ ನೂರ ನಲವತ್ತನಾಲ್ಕು ಹೆಂಗಸರ ಹಟದಿಂದ. ಆ ಹಟಕ್ಕೆ ಮುಂದಾಳು ಇಂದ್ರಾಣಿ. ವಯಸ್ಸು ನಲವತ್ತೆಂಟು, ಮೂರನೇ ಸಾಲಿನ ಎಂಟನೇ ಬೇಸಿನ್, ಯೂನಿಯನ್ ಕಾರ್ಯದರ್ಶಿ. ಗಂಟಲು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು ಎಂದು ಅವಳ ಬಗ್ಗೆ ಜನ ಹೇಳುತ್ತಿದ್ದರು. ಆ ಕಾಲಕ್ಕೆ ಅದು ನಿಜವೂ ಆಗಿತ್ತು.

ಇಷ್ಟು ಯಂತ್ರಗಳು ಬಂದಮೇಲೂ ಫಿಲೇಚರ್‌ಗೆ ಹೆಂಗಸರು ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ಬೆಂದ ಗೂಡುಗಳು ಬಿಸಿನೀರಿನ ಬೇಸಿನ್ನಿನಲ್ಲಿ ತೇಲುತ್ತಿರುತ್ತವೆ. ಎಂಟು ಹತ್ತು ಗೂಡುಗಳ ಎಳೆ ಒಂದಾಗಿ ಮೇಲಿನ ರಾಟೆಗೆ ಏರುತ್ತಿರುತ್ತದೆ. ನಡುವೆ ಒಂದು ಎಳೆ ತುಂಡಾದರೆ ಅದರ ತುದಿ ಹುಡುಕಿ, ಓಡುತ್ತಿರುವ ನೂಲಿಗೆ ಸೇರಿಸಬೇಕು. ಕಣ್ಣಿಗೆ ಕಾಣದ ಆ ತುದಿಯನ್ನು ಹಿಡಿಯಲು ಜಪಾನಿನವರು ಮಾಡಿದ ಯಂತ್ರ ನಮ್ಮ ಕಡೆಯ ಗೂಡಿಗೆ ಒಗ್ಗಿರಲಿಲ್ಲ. ಹಾಗಾಗಿ ದಿನಕ್ಕೆ ಎಂಟು ಗಂಟೆ ಬಿಸಿನೀರಲ್ಲಿ ಕೈ ಇಟ್ಟುಕೊಂಡು ನಿಲ್ಲುವ ಕೆಲಸ ಹೆಂಗಸರಿಗೇ ಉಳಿದುಕೊಂಡಿತ್ತು. ಅವರ ಅಂಗೈ ನೋಡಿದರೆ ಗೊತ್ತಾಗುತ್ತಿತ್ತು, ಬೆಳ್ಳಗೆ ಸುಕ್ಕುಗಟ್ಟಿ, ಬೆರಳ ಸಂದಿಯಲ್ಲಿ ಬಿರಿದಿರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ ಅವರೂ ಕಿಟಕಿ ಕಡೆ ಮುಖ ತಿರುಗಿಸುತ್ತಿದ್ದರು. ಸತ್ತ ಹುಳುವಿನ ವಾಸನೆ ಸೋಪಿಗೆ ಬಗ್ಗುವಂಥದ್ದಲ್ಲ.

ಬಳೆ ನೋಡಲು ಸಾದಾ. ಕೈಬಳೆಯಷ್ಟೇ ಅಗಲ, ಒಳಮೈಯಲ್ಲಿ ಮೂರು ಸಣ್ಣ ಬಿಲ್ಲೆ. ಒಂದು ನಾಡಿ ಎಣಿಸುತ್ತದೆ, ಇನ್ನೊಂದು ಬೆವರಿನ ಉಪ್ಪು ನೋಡುತ್ತದೆ, ಮತ್ತೊಂದು ಸ್ನಾಯುವಿನ ನಡುಕ ಹಿಡಿಯುತ್ತದೆ. ಮೂರನ್ನೂ ಕೂಡಿಸಿ ಹಸಿರು, ಹಳದಿ, ಕೆಂಪು ಎಂದು ದೀಪ ತೋರಿಸುತ್ತದೆ. ಕೆಂಪು ಹತ್ತಿದರೆ ಇಪ್ಪತ್ತು ನಿಮಿಷ ಕೂರಬೇಕು, ಯಾರೂ ಯಾಕೆ ಎಂದು ಕೇಳುವಂತಿಲ್ಲ, ಕೂಲಿ ಹಿಡಿಯುವಂತಿಲ್ಲ. ಹನ್ನೆರಡು ಜನರ ಒಂದು ಸಾಲಿನಲ್ಲಿ ಮೂವರಿಗೆ ಕೆಂಪು ಬಂದರೆ ಆ ಸಾಲಿನ ರಾಟೆಗಳ ವೇಗವೇ ಇಳಿಯಬೇಕು. ಒಪ್ಪಂದದಲ್ಲಿ ಇದೆಲ್ಲ ಬರೆಸಿದವಳು ಇಂದ್ರಾಣಿ. ಸೂಪರ್‌ವೈಸರುಗಳು ಕೆಂಪು ಮುಚ್ಚಿಡಲು ಒಬ್ಬರ ಬಳೆ ಇನ್ನೊಬ್ಬರಿಗೆ ಕಟ್ಟಿಯಾರು ಎಂದು ಅನುಮಾನಪಟ್ಟು ಒಂಬತ್ತನೇ ಕಲಮು ಸೇರಿಸಿದವಳೂ ಅವಳೇ: ಬಳೆ ಅದಲುಬದಲಾದರೆ ಒಪ್ಪಂದವೇ ರದ್ದು, ಮಾಡಿದವರು ಕೆಲಸದಿಂದ ವಜಾ. ಬಳೆಗೆ ಬೆರಳಚ್ಚಿನ ಬೀಗ ಬೇಡ, ನಾವೇನು ಕಳ್ಳರಲ್ಲ ಎಂದು ಹಟ ಮಾಡಿದ್ದೂ ಅವಳೇ. ಈ ಎರಡು ಮಾತು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂದು ಆ ಹೊತ್ತಿನ ಖುಷಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊದಲ ಕೆಂಪು ಹತ್ತಿದ್ದು ಗುಲ್ಜಾರ್ ಬಾನುವಿನ ಕೈಯಲ್ಲಿ. ಮೂರನೇ ಸಾಲಿನ ಒಂಬತ್ತನೇ ಬೇಸಿನ್, ಇಂದ್ರಾಣಿಯ ಎಡಮಗ್ಗುಲು. ಹದಿನೇಳು ವರ್ಷದಿಂದ ಇಬ್ಬರೂ ಅಕ್ಕಪಕ್ಕ ನಿಂತವರು, ಒಬ್ಬಳ ಡಬ್ಬಿಯ ಸಾರನ್ನು ಇನ್ನೊಬ್ಬಳು ಉಂಡವರು. ದೀಪ ಕೆಂಪಾದಾಗ ಗುಲ್ಜಾರ್ ಹೆದರಿ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಇಂದ್ರಾಣಿ ಆ ಕೈಯನ್ನು ಹೊರಗೆಳೆದು, ಎತ್ತಿ ಹಿಡಿದು, ಇಡೀ ಶೆಡ್ಡಿಗೆ ತೋರಿಸಿದಳು. ಗುಲ್ಜಾರ್ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಕೂತು, ಏನು ಮಾಡಬೇಕೋ ತಿಳಿಯದೆ, ಸುಮ್ಮನೆ ಅತ್ತಳಂತೆ. ಹದಿನೇಳು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವಳು ಕೂತದ್ದು ಅದೇ ಮೊದಲು.

ಕಂಪನಿಯವರು ಸೋತ ಮುಖ ಹಾಕಿಕೊಂಡು ಕೂರುವ ಪೈಕಿಯವರಲ್ಲ. ಹನ್ನೊಂದು ತಿಂಗಳಿಗೊಮ್ಮೆ ಎಲ್ಲರ ಕೆಲಸದ ಕರಾರು ಹೊಸದಾಗಬೇಕಿತ್ತು. ಆ ಸಲ ಹದಿನಾಲ್ಕು ಜನರ ಕರಾರು ಹೊಸದಾಗದೆ, ಅವರ ಜಾಗಕ್ಕೆ ಹೊಸಬರು ಬಂದರು. ಹೋದ ಹದಿನಾಲ್ಕೂ ಜನ ಹೆಚ್ಚು ಕೆಂಪು ಬಂದವರು. ನಿಮ್ಮ ದೇಹಕ್ಕೆ ಈ ಕೆಲಸ ಒಗ್ಗುವುದಿಲ್ಲವೆಂದು ನಿಮ್ಮ ಬಳೆಯೇ ಹೇಳುತ್ತಿದೆ, ನಿಮ್ಮ ಆರೋಗ್ಯದ ದೃಷ್ಟಿಯಿಂದ ಎಂದು ಪತ್ರದಲ್ಲಿತ್ತು. ಇಂದ್ರಾಣಿ ಆ ಪತ್ರ ಹಿಡಿದು ಕಾರ್ಮಿಕ ಇಲಾಖೆಗೆ ಏಳು ಸಲ ಅಲೆದಳು. ಅಲ್ಲಿನವರು ಚಹಾ ಕೊಟ್ಟರು.

ಹಾಗಿರುವಾಗ ಐದನೇ ಬೇಸಿನ್ನಿನ ಕಾಂತಾಮಣಿ ಬಸುರಿಯಾದಳು. ಏಳು ತಿಂಗಳಿಗೆ ಹೆಂಗಸರೆಲ್ಲ ಸೇರಿ ಊಟದ ಬಿಡುವಿನಲ್ಲಿ ಕ್ಯಾಂಟೀನಿನಲ್ಲೇ ಬಳೆ ತೊಡಿಸುವ ಶಾಸ್ತ್ರ ಮಾಡಿದರು. ಅರಿಶಿನ ಕುಂಕುಮ, ಹಸಿರು ಗಾಜಿನ ಬಳೆ, ಒಂದಿಷ್ಟು ಚಿಗಳಿ ತಂಬಿಟ್ಟು. ಬಸುರಿಗೆ ದಿನಕ್ಕೆರಡು ಕೆಂಪು ಹತ್ತುತ್ತಿತ್ತು, ಕರಾರು ಮುಗಿಯಲು ಎರಡೇ ತಿಂಗಳಿತ್ತು. ಸಾಲಿನ ಕೊನೆಯ ನಾಗವೇಣಿ, ಇಪ್ಪತ್ತೆರಡರ ಹುಡುಗಿ, ಕಬಡ್ಡಿ ಆಡಿದ ಮೈ, ಎಲ್ಲರೂ ಬಳೆ ತೊಡಿಸಿದ ಮೇಲೆ ತನ್ನ ಕೈಯ ದಣಿವಿನ ಬಳೆಯನ್ನೇ ಬಿಚ್ಚಿ ಕಾಂತಾಮಣಿಗೆ ತೊಡಿಸಿದಳು. ಅವಳದನ್ನು ತಾನು ಹಾಕಿಕೊಂಡಳು.

"ನಂಗೆ ವಾರಕ್ಕೊಂದೂ ಕೆಂಪು ಬರಕಿಲ್ಲ ಕಣಕ್ಕ. ಎರಡು ತಿಂಗ್ಳು ನಿನ್ ಕೆಂಪ ನಾನ್ ಇಸ್ಕತೀನಿ ಬುಡು," ಎಂದಳು.

ಎಲ್ಲರೂ ನಕ್ಕರು. ಆಮೇಲೆ ಇಂದ್ರಾಣಿಯ ಮುಖ ನೋಡಿದರು. ಆ ಫಿಲೇಚರಿನಲ್ಲಿ ಹಳೆಯದೊಂದು ರೂಢಿ ಇತ್ತು. ಪಕ್ಕದವಳು ಹಿಂದೆ ಬಿದ್ದರೆ, ಅವಳ ಬೇಸಿನ್ನಿಗೆ ನಿನ್ನ ಕೈ ಹಾಕಿ ತುಂಡಾದ ಎಳೆ ಹಿಡಿದುಕೊಡಬೇಕು. ಮಗ್ಗುಲ ಕೈ ಎಂದು ಅದಕ್ಕೆ ಹೆಸರು. ಯೂನಿಯನ್ ಹುಟ್ಟುವುದಕ್ಕೆ ಮುಂಚೆಯೇ ಅದಿತ್ತು, ನಿಜ ಹೇಳಬೇಕೆಂದರೆ ಯೂನಿಯನ್ ಹುಟ್ಟಿದ್ದೇ ಅದರಿಂದ. ಬಳೆ ಬದಲಿಸುವುದೂ ಮಗ್ಗುಲ ಕೈಯೇ ತಾನೆ ಎಂದುಕೊಂಡ ಇಂದ್ರಾಣಿ ಒಂಬತ್ತನೇ ಕಲಮನ್ನು ಮರೆತವಳಂತೆ ಒಂದು ಉಂಡೆ ತಂಬಿಟ್ಟು ಬಾಯಿಗೆ ಹಾಕಿಕೊಂಡಳು. ಅದೇ ಒಪ್ಪಿಗೆಯಾಯಿತು.

ಅಲ್ಲಿಂದ ಮುಂದೆ ಅದೊಂದು ಏರ್ಪಾಡೇ ಆಗಿಹೋಯಿತು. ಬಳೆಗಳು ಕೆಲಸ ಮುಗಿದ ಮೇಲೆ ಗೇಟಿನ ಬಳಿ ನಂಬರಿನ ಮೊಳೆಗೆ ತೂಗುತ್ತಿದ್ದವು. ಬೆಳಿಗ್ಗೆ ಒಳಗೆ ಬರುವಾಗ ಇಂದ್ರಾಣಿ ಕಣ್ಣಲ್ಲೇ ಹೇಳುತ್ತಿದ್ದಳು, ಇವತ್ತು ಯಾರದು ಯಾರಿಗೆ ಎಂದು. ಮುಟ್ಟಾದವಳಿಗೆ, ಮಗುವಿಗೆ ಜ್ವರವೆಂದು ನಿದ್ದೆಗೆಟ್ಟವಳಿಗೆ, ವಯಸ್ಸಾದವಳಿಗೆ ಗಟ್ಟಿಗಿತ್ತಿಯರ ಬಳೆ. ಕೆಂಪು ಎಲ್ಲರ ಹೆಸರಿಗೂ ಸ್ವಲ್ಪ ಸ್ವಲ್ಪ ಹಂಚಿಹೋದರೆ ಯಾರ ಕರಾರೂ ಹೋಗುವುದಿಲ್ಲವೆಂಬುದು ಅವಳ ಯೋಚನೆ. ಮುಂದಿನ ಸಲ ಒಬ್ಬರ ಕೆಲಸವೂ ಹೋಗಲಿಲ್ಲ. ಅದಕ್ಕಿಂತ ಸೋಜಿಗವೆಂದರೆ, ಕೆಂಪು ಹಂಚಿಹೋಗುವುದಿರಲಿ, ಹತ್ತುವುದೇ ಕಡಿಮೆಯಾಯಿತು. ಯಂತ್ರಕ್ಕೆ ನಾವು ಮಂಕುಬೂದಿ ಎರಚಿದೆವು ಎಂದು ಹೆಂಗಸರು ಒಳಗೊಳಗೇ ಬೀಗಿದರು.

ಮೇಲಿನ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಕೂರುತ್ತಿದ್ದ ಎಂಜಿನಿಯರ್ ಸುಮಂತನಿಗೆ ಮಾತ್ರ ಈ ಸೋಜಿಗ ಹಿಡಿಸಲಿಲ್ಲ. ಸಾಗರದ ಕಡೆಯ ಹುಡುಗ, ಮೆದು ಮನುಷ್ಯ. ಅವನ ಪರದೆಯ ಮೇಲೆ ನೂರ ನಲವತ್ತನಾಲ್ಕು ಗೆರೆಗಳು ಓಡುತ್ತಿದ್ದವು. ಪ್ರತಿ ಬಳೆಯೂ ತನ್ನ ಒಡತಿಯ ಮೈಯನ್ನು ಮೊದಲ ತಿಂಗಳಲ್ಲಿ ಕಲಿತುಕೊಳ್ಳುತ್ತಿತ್ತು. ಇವಳ ನಾಡಿ ಇಷ್ಟು, ಇವಳ ಬೆವರು ಇಷ್ಟು, ಇಷ್ಟು ದಾಟಿದರೆ ಇವಳಿಗೆ ದಣಿವು ಎಂದು. ಎಲ್ಲರಿಗೂ ಒಂದೇ ಅಳತೆ ಇಡುವುದು ಅನ್ಯಾಯ ಎಂದು ಅವನೇ ಹಾಗೆ ಮಾಡಿದ್ದ. ಈಗ ಗೆರೆಗಳು ದಿನಕ್ಕೊಂದು ರೀತಿ ಕುಣಿಯುತ್ತಿದ್ದವು. ಗುಟ್ಟು ಅವನಿಗೆ ತಿಳಿಯದಿರಲಿಲ್ಲ. ಹೇಳಿದರೆ ಅಷ್ಟೂ ಜನರ ಹೊಟ್ಟೆಪಾಡು ಹೋಗುತ್ತದೆಂದು ಬಾಯಿ ಮುಚ್ಚಿಕೊಂಡ. ಒಳ್ಳೆಯವರೆಲ್ಲ ಬಾಯಿ ಮುಚ್ಚಿಕೊಂಡು ಮಾಡಿದ ಕೆಡುಕಿನ ಕಥೆ ಇದು.

ಕೆಂಪು ಕಡಿಮೆಯಾದದ್ದು ಜನರಲ್ ಮ್ಯಾನೇಜರ್ ವಿಠ್ಠಲದಾಸರ ಕಣ್ಣಿಗೂ ಬಿತ್ತು. ಅವರು ಅದನ್ನು ತಮ್ಮ ಕಡೆಯಿಂದ ನೋಡಿದರು. ಯಾರಿಗೂ ದಣಿವಾಗುತ್ತಿಲ್ಲವೆಂದರೆ ರಾಟೆ ಇನ್ನೂ ಸ್ವಲ್ಪ ಜೋರಾಗಿ ತಿರುಗಬಹುದಲ್ಲ ಎಂದರು. ಒಪ್ಪಂದದ ಪ್ರಕಾರ ಅದಕ್ಕೆ ಯೂನಿಯನ್ ಅಡ್ಡ ಬರುವಂತಿರಲಿಲ್ಲ, ಬಳೆ ಹಸಿರಿರುವ ತನಕ ವೇಗ ಕಂಪನಿಯ ಇಷ್ಟ. ನಾಲ್ಕು ತಿಂಗಳಲ್ಲಿ ಮೂರು ಸಲ ವೇಗ ಏರಿತು. ಇಂದ್ರಾಣಿಗೆ ಮನೆಗೆ ಬಂದು ಮುದ್ದೆ ಮುರಿಯಲೂ ಕೈ ಬಾರದಂತಾಯಿತು. ಗಂಡ ಮರಿಸ್ವಾಮಿ, ಆಟೋ ಓಡಿಸುವವನು, ಹಿಟ್ಟಿನ ಕೋಲು ಅವಳ ಕೈಯಿಂದ ತೆಗೆದುಕೊಂಡು ತಾನೇ ತೊಳಸುತ್ತಿದ್ದ. ಇಷ್ಟು ಸುಸ್ತಾಗಿದೀಯ, ಆ ನಿನ್ನ ಬಳೆ ಏನನ್ನುತ್ತೆ ಎಂದು ಒಂದು ದಿನ ಕೇಳಿದ. ಹಸಿರು ಎಂದಳು.

ಆ ಬುಧವಾರ ಬೆಳಿಗ್ಗೆ ಗುಲ್ಜಾರ್ ಗೇಟಿನ ಹತ್ತಿರವೇ ಏದುಸಿರು ಬಿಡುತ್ತಿದ್ದಳು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದವಳು, ಎರಡು ವಾರದಲ್ಲಿ ಕರಾರು ಹೊಸದಾಗಬೇಕಿತ್ತು. ಇಂದ್ರಾಣಿ ಕಣ್ಣಲ್ಲಿ ಹೇಳುವಷ್ಟೂ ಕಾಯಲಿಲ್ಲ. ಮೊಳೆಯಿಂದ ನಾಗವೇಣಿಯ ಬಳೆಯನ್ನು ತಾನೇ ತೆಗೆದು ಗುಲ್ಜಾರ್‌ಳ ಮಣಿಕಟ್ಟಿಗೆ ಹಾಕಿದಳು. ಗುಲ್ಜಾರ್‌ಳದು ನಾಗವೇಣಿಯ ಕೈಗೆ ಹೋಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಶೆಡ್ಡಿನಲ್ಲಿ ಹಬೆ ಕವಿದು ಎದುರಿನವರ ಮುಖ ಕಾಣುತ್ತಿರಲಿಲ್ಲ. ಗುಲ್ಜಾರ್‌ಳ ಬೇಸಿನ್ನಿನಲ್ಲಿ ಎಳೆಗಳು ಮೇಲಿಂದ ಮೇಲೆ ತುಂಡಾಗುತ್ತಿದ್ದವು, ಇಂದ್ರಾಣಿ ಮಗ್ಗುಲ ಕೈ ಹಾಕಿ ಹಿಡಿಯುತ್ತಿದ್ದಳು.

"ಇವತ್ತು ಯಾಕೋ ಆಗ್ತಾ ಇಲ್ಲ ಇಂದ್ರಾಣಿ. ಸ್ವಲ್ಪ ಕೂತ್ಕೊಳ್ಳಾ?" ಎಂದಳು ಗುಲ್ಜಾರ್.

ಇಂದ್ರಾಣಿ ಅವಳ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದಳು. "ಹಸ್ರೇ ಅದೆಯಲ್ಲೇ. ಇನ್ನೊಂದ್ ಗಂಟೆ ತಡ್ಕೊ," ಎಂದಳು.

ಗುಲ್ಜಾರ್ ತಡೆದುಕೊಂಡಳು. ಮೂರೂ ನಲವತ್ತೆರಡಕ್ಕೆ ಮೊಣಕಾಲು ಮಡಿಸಿ ಬೇಸಿನ್ನಿನ ಅಂಚಿಗೆ ಕುಸಿದಳು. ನೆಲಕ್ಕೆ ಮಲಗಿಸುವ ಹೊತ್ತಿಗೆ ಆಗಿಹೋಗಿತ್ತು. ಕೈಯ ಬಳೆ ಕೊನೆಯ ತನಕ ಹಸಿರಾಗಿದ್ದು, ಹಳದಿಗೂ ಹೋಗದೆ, ಹಾಗೇ ಆರಿತು.

ಮರುದಿನ ಗುಲ್ಜಾರ್‌ಳ ದಫನ್ ಆದ ಮೇಲೆ ಇಂದ್ರಾಣಿಯನ್ನು ವಿಠ್ಠಲದಾಸರು ಕಂಟ್ರೋಲ್ ರೂಮಿಗೆ ಕರೆಸಿದರು. ಆ ಕೋಣೆಯ ತಂಪಿಗೆ ಇಂದ್ರಾಣಿಯ ಮೈ ಜುಮ್ಮೆಂದಿತು. ಸುಮಂತ ತಲೆ ತಗ್ಗಿಸಿ ಕೂತಿದ್ದ. ಪರದೆಯ ಮೇಲೆ ಹಿಂದಿನ ದಿನದ ಎರಡು ಗೆರೆಗಳನ್ನು ತೋರಿಸಿದ. ಒಂದರ ಕೆಳಗೆ ನಾಗವೇಣಿ ಎಂದಿತ್ತು, ಅದು ಮೂರೂ ನಲವತ್ತೆರಡಕ್ಕೆ ನಿಂತುಹೋಗಿತ್ತು. ಇನ್ನೊಂದರ ಕೆಳಗೆ ಗುಲ್ಜಾರ್ ಬಾನು ಎಂದಿತ್ತು. ಅದು ಮೂರೂ ನಲವತ್ತೆರಡಕ್ಕೆ ಬೆಚ್ಚಿಬಿದ್ದು, ಜೋರಾಗಿ ಏರಿ, ಆಮೇಲೂ ಬಡಿದುಕೊಳ್ಳುತ್ತಲೇ ಹೋಗಿತ್ತು. ಹೆಣದ ಪಕ್ಕ ಕೂತು ಅಳುತ್ತಿದ್ದ ನಾಗವೇಣಿಯ ಎದೆಬಡಿತ ಅದು. ಕಂಪನಿಯ ದಾಖಲೆಯಲ್ಲಿ ಗುಲ್ಜಾರ್ ಬಾನು ತಾನು ಸತ್ತ ಮೇಲೆ ಎರಡು ಗಂಟೆ ಬದುಕಿದ್ದಳು.

ಬಳೆ ಯಾಕೆ ಕೆಂಪಾಗಲಿಲ್ಲ ಎಂದು ಇಂದ್ರಾಣಿ ಕೇಳಿದಳು. ಉತ್ತರ ಅವಳಿಗೆ ಬೇಕಿರಲಿಲ್ಲ, ಆದರೂ ಕೇಳಿದಳು.

"ಆ ಬಳೆ ಕಲಿತದ್ದು ನಾಗವೇಣಿಯ ಮೈ, ಮೇಡಂ," ಎಂದ ಸುಮಂತ. "ಅವಳ ಮಿತಿ ತುಂಬಾ ಮೇಲಿದೆ. ಗುಲ್ಜಾರ್ ಅವರು ಮಾತ್ರೆ ತಗೊಳ್ತಿದ್ರು, ನಾಡಿ ಏರ್ತಾನೇ ಇರಲಿಲ್ಲ. ಬಳೆಗೆ ಅವರು ಆರಾಮಾಗಿ ನಿಂತಿರೋ ಹುಡುಗಿ ಥರ ಕಂಡ್ರು. ಅವರದೇ ಬಳೆ ಇದ್ದಿದ್ರೆ ಹನ್ನೊಂದು ಗಂಟೆಗೇ ಕೆಂಪಾಗ್ತಿತ್ತು."

ಇಂದ್ರಾಣಿಗೆ ಆಗ ಎಲ್ಲ ಅರ್ಥವಾಯಿತು. ಒಬ್ಬರ ಮೈ ಕಲಿತ ಬಳೆ ಇನ್ನೊಬ್ಬರ ಮೈಮೇಲೆ ಕುರುಡು. ತಿಂಗಳುಗಟ್ಟಲೆ ತಾವು ಯಂತ್ರಕ್ಕೆ ಮೋಸಮಾಡುತ್ತಿದ್ದೇವೆ ಎಂದುಕೊಂಡು ಅದರ ಕಣ್ಣು ಕಿತ್ತಿದ್ದರು. ಕಣ್ಣಿಲ್ಲದ ಯಂತ್ರ ಎಲ್ಲ ಸರಿಯಾಗಿದೆ ಎಂದದ್ದನ್ನು ನೋಡಿ ಕಂಪನಿ ರಾಟೆ ಜೋರುಮಾಡಿತ್ತು. ಹಾಗೆ ನೋಡಿದರೆ ಆ ವೇಗವನ್ನು ಏರಿಸಿದವಳು ತಾನೇ. ದಣಿದವಳ ಮಾತನ್ನು ನಂಬಿ ಎಂದು ನಲವತ್ತೊಂದು ದಿನ ಬೀದಿಯಲ್ಲಿ ಕೂತವಳು, ಹದಿನೇಳು ವರ್ಷದ ಗೆಳತಿ ಆಗುತ್ತಿಲ್ಲ ಎಂದಾಗ ಅವಳ ಮಾತು ಬಿಟ್ಟು ಬಳೆ ನಂಬಿದಳು.

ವಿಠ್ಠಲದಾಸರು ಕೂಗಾಡುವ ಮನುಷ್ಯರಲ್ಲ. ಮೆಲ್ಲಗೆ, ನಿಧಾನವಾಗಿ, ಎರಡು ದಾರಿ ಇಟ್ಟರು. ಸೋಮವಾರ ಲೇಬರ್ ಇನ್ಸ್‌ಪೆಕ್ಟರ್ ಬರುತ್ತಾರೆ. ಕೆಲಸದ ದಣಿವಿನಿಂದ ಸಾವು ಎಂದು ಸಾಬೀತಾದರೆ ಕಾನೂನಿನಂತೆ ರಾಟೆಯ ವೇಗ ಹಳೆಯ ಮಟ್ಟಕ್ಕೆ ಇಳಿಯುತ್ತದೆ, ಮತ್ತೆ ಏರಿಸುವಂತಿಲ್ಲ. ಆದರೆ ಅದನ್ನು ಸಾಬೀತುಮಾಡಲು ಯೂನಿಯನ್ ಬಳೆ ಬದಲಾದದ್ದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಗಳಿಗೆಯೇ ಒಂಬತ್ತನೇ ಕಲಮು ಜಾರಿಗೆ ಬರುತ್ತದೆ, ಒಪ್ಪಂದ ರದ್ದು, ಬದಲಿ ಬಳೆ ತೊಟ್ಟವರೆಲ್ಲ ವಜಾ. ಇನ್ನೊಂದು ದಾರಿ, ಕಂಪನಿ ಎರಡು ಗೆರೆಗಳ ಹೆಸರನ್ನು ಸರಿಪಡಿಸುವುದಿಲ್ಲ, ಗುಲ್ಜಾರ್ ಹೆಸರಿನ ಗೆರೆಯನ್ನು ಸಾವಿನ ಹೊತ್ತಿಗೆ ಕತ್ತರಿಸಿ ಕೊಡುತ್ತದೆ. ಯೂನಿಯನ್ ಒಂದು ಹಾಳೆಗೆ ಸಹಿ ಹಾಕಬೇಕು. ಗುಲ್ಜಾರ್ ಬಾನು ದಣಿದಿರಲಿಲ್ಲ, ಆಕೆಯ ಹಳೆಯ ಕಾಯಿಲೆಯಿಂದ ಸಾವು ಸಂಭವಿಸಿದೆ ಎಂದು. ಒಪ್ಪಂದ ಉಳಿಯುತ್ತದೆ, ಮನುಷ್ಯತ್ವದ ಮೇಲೆ ಗುಲ್ಜಾರ್‌ಳ ಮಗಳಿಗೆ ಕೆಲಸ.

"ಇಂದ್ರಾಣಿಯವರೇ, ಆ ಕಲಮು ನಾವು ಕೇಳಿದ್ದಲ್ಲ. ನೀವೇ ಬರೆಸಿದ್ದು," ಎಂದರು ಕೊನೆಗೆ.

ಭಾನುವಾರ ಬೆಳಿಗ್ಗೆ ಹಳೆಯ ಗೂಡಿನ ಮಾರುಕಟ್ಟೆಯ ಶೆಡ್ಡಿನಲ್ಲಿ ಯೂನಿಯನ್ ಸಭೆ ಸೇರಿತು. ಇಂದ್ರಾಣಿ ಏನನ್ನೂ ಮುಚ್ಚಿಡಲಿಲ್ಲ. ಬೆಳಿಗ್ಗೆ ಬಳೆ ಹಾಕಿದ್ದು ತಾನು, ಇನ್ನೊಂದು ಗಂಟೆ ತಡಕೊ ಎಂದವಳೂ ತಾನು ಎಂದು ಎಲ್ಲರೆದುರು ಹೇಳಿದಳು. ನಿಜ ಹೇಳಿಬಿಡೋಣ, ಕೆಲಸ ಹೋದರೆ ಮತ್ತೆ ಗೇಟಿನ ಮುಂದೆ ಕೂರೋಣ, ಹಿಂದೆ ಕೂತಿರಲಿಲ್ಲವೇ ಎಂದಳು. ಹಿಂದೆಯಾಗಿದ್ದರೆ ಆ ಗಂಟಲಿಗೆ ಶೆಡ್ಡಿನ ತಗಡು ಅದುರುತ್ತಿತ್ತು. ಈಗ ಹೆಂಗಸರು ನೆಲ ನೋಡುತ್ತ ಕೂತರು.

ಕಾಂತಾಮಣಿ ಎದ್ದು ನಿಂತಳು, ಸೊಂಟದಲ್ಲಿ ಹತ್ತು ತಿಂಗಳ ಕೂಸು. "ಸತ್ತೋರು ಹೊಂಟೋದ್ರು ಕಣಕ್ಕ. ನಿಜ ಹೇಳುದ್ರೆ ಗುಲ್ಜಾರಕ್ಕ ಎದ್ ಬಂದದ? ಇರೋರ್ ಮಕ ನೋಡು," ಎಂದಳು.

ನಾಗವೇಣಿ ಮೂಲೆಯಿಂದ, ಆ ಬಳೆ ನಂದು, ನಾನೇ ಹೋಗಿ ಹೇಳ್ತೀನಿ ಎಂದು ಬಿಕ್ಕಿದಳು. ಅಕ್ಕಪಕ್ಕದವರು ಅವಳ ಬಾಯಿಗೆ ಸೆರಗು ಒತ್ತಿ ಕೂರಿಸಿದರು. ಒತ್ತಿದವರು ಕೆಟ್ಟವರಲ್ಲ. ಒಬ್ಬಳಿಗೆ ಮೂರು ಹೆಣ್ಣುಮಕ್ಕಳು, ಇನ್ನೊಬ್ಬಳ ಗಂಡ ಮಂಚ ಹಿಡಿದು ವರ್ಷವಾಗಿತ್ತು. ಇಂದ್ರಾಣಿಗೆ ಅವರ ಒಬ್ಬೊಬ್ಬರ ಮನೆಯೂ ಗೊತ್ತಿತ್ತು, ಒಲೆಯೂ ಗೊತ್ತಿತ್ತು. ಅದಕ್ಕೇ ಅವರನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ.

ಸಹಿ ಹಾಕಬೇಕು ಎನ್ನುವವರು ಕೈ ಎತ್ತಿ ಎಂದಾಗ ಕೈಗಳು ಎದ್ದವು. ಬಿಸಿನೀರಿಗೆ ಬೆಂದು ಬೆಳ್ಳಗಾದ ಅಂಗೈಗಳು, ಒಂದರ ಹಿಂದೆ ಒಂದು, ಶೆಡ್ಡಿನ ತುಂಬ. ಮುಷ್ಕರದ ಮೊದಲ ದಿನ ಎದ್ದಿದ್ದೂ ಇವೇ ಕೈಗಳು. ಇಂದ್ರಾಣಿಯೂ ನಾಗವೇಣಿಯೂ ಮಾತ್ರ ಎತ್ತಲಿಲ್ಲ. ಹೆಚ್ಚು ಜನರ ತೀರ್ಮಾನ ಎಲ್ಲರ ತೀರ್ಮಾನ, ಯಾರೂ ಬೇರೆ ರಾಗ ಎಳೆಯಬಾರದು ಎಂದು ಇಪ್ಪತ್ತು ವರ್ಷ ಅವರಿಗೆ ಪಾಠ ಹೇಳಿದವಳು ಇಂದ್ರಾಣಿಯೇ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ ಎದುರು ಹಾಳೆಗೆ ಸಹಿ ಹಾಕಿದಳು. ಸುಕ್ಕು ಬೆರಳಿನಿಂದ ಪೆನ್ನು ಎರಡು ಸಲ ಜಾರಿತು. ಇನ್ಸ್‌ಪೆಕ್ಟರು ಗುಲ್ಜಾರ್ ಹೆಸರಿನ ಗೆರೆ ನೋಡಿ, ಆ ಸಾಲಿನಲ್ಲೆಲ್ಲ ಅತ್ಯಂತ ಆರಾಮವಾಗಿದ್ದ ಹೆಂಗಸು ಈಕೆಯೇ ಅಲ್ಲವೇ ಎಂದರು.

ಅಂದು ಸಂಜೆ ಅವಳು ಗುಲ್ಜಾರ್ ಮನೆಗೆ ಹೋದಳು. ಶಾಹೀನ್, ಹತ್ತೊಂಬತ್ತರ ಮಗಳು, ಮಾತು ಕಲಿತಾಗಿನಿಂದ ಅವಳನ್ನು ಅಮ್ಮನ ತಂಗಿಯೆಂಬಂತೆ ಖಾಲಾ ಎಂದೇ ಕರೆಯುತ್ತಿದ್ದವಳು, ಬಾಗಿಲಲ್ಲೇ ಅಪ್ಪಿಕೊಂಡಳು. ತಂದೆ ತೀರಿ ಆರು ವರ್ಷವಾಗಿತ್ತು, ಇನ್ನು ಆ ಮನೆಗೆ ಅವಳೂ ಶಾಲೆಗೆ ಹೋಗುವ ತಂಗಿಯೂ ಇಬ್ಬರೇ. ಶಾಹೀನ್ ಚಹಾ ತಂದಿಟ್ಟಳು. ಕಂಪನಿಯ ಪತ್ರದ ನಕಲು ಅವಳಿಗೂ ತಲುಪಿತ್ತು.

"ಅಮ್ಮಿಗೆ ದಣಿವಾಗಿರ್ಲಿಲ್ಲ ಅಂತ ಬರ್ದಿದಾರೆ ಖಾಲಾ," ಎಂದಳು. "ದಿನಾ ಮನೆಗೆ ಬಂದ್ರೆ ಚಪ್ಲಿ ಬಿಚ್ಚಕ್ಕೂ ಆಗ್ತಿರ್ಲಿಲ್ಲ, ನಾನೇ ಬಿಚ್ತಿದ್ದೆ. ನೀವು ಪಕ್ಕದಲ್ಲೇ ಇದ್ರಲ್ಲ, ಅಮ್ಮಿ ಏನಾದ್ರೂ ಹೇಳಿದ್ರಾ?"

ಹೇಳಿಬಿಡಬೇಕೆಂದು ಇಂದ್ರಾಣಿಯ ಬಾಯಿ ತೆರೆಯಿತು. ನೂರ ನಲವತ್ತು ಅಂಗೈಗಳು ಕಣ್ಣಮುಂದೆ ಬಂದವು.

"ಏನೂ ಹೇಳ್ಲಿಲ್ಲ ಕಣವ್ವ," ಎಂದಳು.

ಶಾಹೀನ್ ತಲೆಯಾಡಿಸಿದಳು. ಇಂದ್ರಾಣಿ ಚಹಾ ಪೂರ್ತಿ ಕುಡಿದಳು, ಬಿಟ್ಟು ಏಳುವುದಕ್ಕೂ ಅವಳಿಗೆ ಧೈರ್ಯವಿರಲಿಲ್ಲ.

ವಾರದೊಳಗೆ ಕಂಪನಿ ಹೊಸ ಬಳೆಗಳನ್ನು ತರಿಸಿತು. ಇವಕ್ಕೆ ಬೀಗವಿತ್ತು, ಒಡತಿಯ ಬೆರಳಚ್ಚು ಬಿದ್ದರಷ್ಟೇ ಮುಚ್ಚುತ್ತಿದ್ದವು, ಆ ದಿನದ ಕೆಲಸ ಮುಗಿಯುವ ತನಕ ತೆರೆಯುತ್ತಿರಲಿಲ್ಲ. ಅವು ಹೊಸದಾಗಿ ಮೈ ಕಲಿತವು, ಆದರೆ ಕಲಿತದ್ದು ಏರಿದ ವೇಗದಲ್ಲಿ ದುಡಿಯುತ್ತಿದ್ದ ಮೈಗಳನ್ನು. ಆ ಏದುಸಿರನ್ನೇ, ಆ ನಡುಕವನ್ನೇ ಇವರ ಸಹಜ ಸ್ಥಿತಿ ಎಂದು ಅವು ಬರೆದುಕೊಂಡವು. ಕೆಂಪು ಇನ್ನು ಹತ್ತುವ ಮಾತೇ ಇರಲಿಲ್ಲ. ಹೀಗೆ ಕಲಿಸಬಾರದು ಎಂದು ಸುಮಂತ ಒಂದು ಪತ್ರ ಬರೆದು, ಉತ್ತರ ಬರದೆ, ರಾಜೀನಾಮೆ ಕೊಟ್ಟು ಹೋದ. ನಾಗವೇಣಿಯೂ ಬೀಗದ ಬಳೆ ತೊಡಲು ಒಲ್ಲೆನೆಂದು ಕೆಲಸ ಬಿಟ್ಟಳು. ಊರಿಗೆ ಹೋಗುವ ಬಸ್ಸು ಹತ್ತುವ ಮುಂಚೆ ಶಾಹೀನ್ ಮನೆಗೆ ಹೋಗಿ ಒಂದು ಗಂಟೆ ಕೂತಿದ್ದಳೆಂದು ಇಂದ್ರಾಣಿಯ ಕಿವಿಗೂ ಬಿತ್ತು.

ಮುಂದಿನ ತಿಂಗಳ ಮೊದಲ ದಿನ ಶಾಹೀನ್ ಕೆಲಸಕ್ಕೆ ಬಂದಳು. ಮನೆಯಲ್ಲಿ ದುಡಿಯುವವರು ಇನ್ಯಾರೂ ಇರಲಿಲ್ಲ, ಯೂನಿಯನ್ ಹಾಕಿದ ಸಹಿಯನ್ನು ಅಳಿಸಲು ಅವಳಿಂದಾಗುವಂತೆಯೂ ಇರಲಿಲ್ಲ. ಮೂರನೇ ಸಾಲು, ಒಂಬತ್ತನೇ ಬೇಸಿನ್. ಇಂದ್ರಾಣಿಯ ಎಡಮಗ್ಗುಲು. ಬಂದವಳು ಇತ್ತ ತಿರುಗಲಿಲ್ಲ. ತಾಯಿಯ ಹಾಗೆಯೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗೆ ಕೈ ಹಾಕಿದಳು. ಮೊದಲ ಬಿಸಿಗೆ ಬೆರಳು ಹಿಂದಕ್ಕೆ ಬಂತು, ಮತ್ತೆ ಹಾಕಿದಳು.

ಹನ್ನೊಂದರ ಹೊತ್ತಿಗೆ ಅವಳ ಬೇಸಿನ್ನಿನಲ್ಲಿ ಎಳೆಗಳು ತುಂಡಾಗತೊಡಗಿದವು. ಒಂದು ಹಿಡಿಯುವಷ್ಟರಲ್ಲಿ ಇನ್ನೊಂದು. ಹುಡುಗಿಯ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು, ಉಸಿರು ಕೇಳಿಸುತ್ತಿತ್ತು. ಇಂದ್ರಾಣಿ ಯೋಚಿಸಲಿಲ್ಲ. ಇಪ್ಪತ್ತು ವರ್ಷದ ರೂಢಿ, ಎಡಗೈ ತಾನಾಗಿ ಪಕ್ಕದ ಬೇಸಿನ್ನಿಗೆ ಹೋಗಿ ಒಂದು ತುದಿ ಹಿಡಿಯಿತು.

ಶಾಹೀನ್ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಮೆಲ್ಲಗೆ, ಮರ್ಯಾದೆಯಿಂದಲೇ, ನೀರಿನಿಂದ ಹೊರಗೆ ಇಟ್ಟಳು.

"ಬೇಡ ಮೇಡಂ," ಎಂದಳು. "ನಂಗೆ ದಣಿವಾದ್ರೆ ನನ್ ಬಳೆನೇ ಹೇಳ್ಲಿ."

ಅವಳು ತನ್ನ ಬೇಸಿನ್ನಿಗೆ ತಿರುಗಿದಳು. ಸಾಲಿನ ಉದ್ದಕ್ಕೂ ಹೆಂಗಸರು ಒಬ್ಬೊಬ್ಬರೂ ತಮ್ಮ ತಮ್ಮ ನೀರಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು, ಯಾರ ಕೈಯೂ ಪಕ್ಕಕ್ಕೆ ಚಾಚಿರಲಿಲ್ಲ. ಇಂದ್ರಾಣಿ ಒದ್ದೆ ಕೈಯನ್ನು ಎದೆಗೆ ಒತ್ತಿಕೊಂಡು ಎಷ್ಟೋ ಹೊತ್ತು ಹಾಗೇ ನಿಂತಳು. ಅವಳ ಎಂಟನೇ ಬೇಸಿನ್ನಿನಲ್ಲಿ ಎಳೆಗಳು ತುಂಡಾಗುತ್ತಿದ್ದವು, ಹಿಡಿಯುವವರಿರಲಿಲ್ಲ. ಮಣಿಕಟ್ಟಿನ ಬಳೆ ಹಸಿರಾಗಿಯೇ ಇತ್ತು. ಅದರ ಪ್ರಕಾರ ಅವಳಿಗೆ ಏನೂ ಆಗಿರಲಿಲ್ಲ.